ನಾನು ಹೇಳಿಕೊಟ್ಟ ಸಾಕ್ಷಿ

ನಿಮ್ಮ ಕೆಲಸ ಏನು ಎಂದು ಕೇಳಿದವರಿಗೆಲ್ಲ ನಾನು ಇಪ್ಪತ್ತೆರಡು ವರ್ಷ ಒಂದೇ ಉತ್ತರ ಕೊಟ್ಟೆ: ಜೊತೆಗೆ ಹೋಗುವುದು. ಕೊಲೆಯಾದವನ ಹೆಂಡತಿ ಠಾಣೆಗೆ ಹೋಗುವಾಗ ಜೊತೆಗೆ ಹೋಗಬೇಕು. ಹೊಡೆತ ತಿಂದವನು ದವಾಖಾನೆಗೆ ಹೋಗುವಾಗ ಜೊತೆಗೆ ಹೋಗಬೇಕು. ಕೋರ್ಟಿಗೆ ಹೋಗುವಾಗಲಂತೂ ಹೋಗಲೇಬೇಕು. ಆರೋಪಿಗೆ ಅವನ ವಕೀಲ ಇರುತ್ತಾನೆ. ಸರಕಾರಕ್ಕೆ ಸರಕಾರಿ ವಕೀಲರು ಇರುತ್ತಾರೆ. ನೊಂದವರು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಾರೆ. ಅವರಿಗೆ ನೀರು ಎಲ್ಲಿದೆ, ಪಾಯಖಾನೆ ಎಲ್ಲಿದೆ, ಇವತ್ತು ಹೆಸರು ಕೂಗುತ್ತಾರೋ ಇಲ್ಲವೋ ಎಂದು ಹೇಳುವವರು ಬೇಕು. ಅದು ನಾವು.

ಕಳೆದ ವರ್ಷ ನಿವೃತ್ತನಾದೆ. ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಮೂವರು, ಎಂಎಸ್‌ಡಬ್ಲ್ಯೂ ಓದಿದವರು, "ನಿಮ್ಮ ಅನುಭವ ಬರೆದುಕೊಡ್ರಿ ಸರ್" ಎಂದು ಕೇಳಿದರು. ಬಡ್ತಿಯ ವಿಷಯ ಬರೆಯುವುದಿಲ್ಲ, ನನಗೆ ಬಡ್ತಿ ಸಿಕ್ಕಿರಲಿಲ್ಲ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ, ಹಾಗಾಗಿ ಬೇಡದ್ದನ್ನು ಬರೆಯಲು ಆಗುವುದೂ ಇಲ್ಲ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತೆಂಟನೇ ವಯಸ್ಸಿಗೆ. ಅದಕ್ಕೆ ಮೊದಲು ಕೊಪ್ಪಳದ ಬಸ್ ನಿಲ್ದಾಣದ ಹೊರಗೆ ಟಂಟಂ ಗಾಡಿಗಳಿಗೆ ಊರಿನ ಹೆಸರು ಕೂಗಿ ಜನ ಹತ್ತಿಸುತ್ತಿದ್ದೆ. ನಾಲ್ಕನೇ ತರಗತಿಗೆ ಸಾಲಿ ಬಿಟ್ಟವನು, ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದಾಗ ನನ್ನ ಮಗಳು ಆರನೇ ತರಗತಿಯಲ್ಲಿದ್ದಳು. ನಾವಿಬ್ಬರೂ ಒಂದೇ ಕಂದೀಲಿನ ಎರಡು ಬದಿ ಕುಳಿತು ಓದುತ್ತಿದ್ದೆವು. ಓದುವುದು ಎಂದರೆ ನನಗೆ ಬಾಯಿಪಾಠ. ಪುಸ್ತಕ ಮುಚ್ಚಿ ಮೊದಲಿನಿಂದ ಹೇಳಬೇಕು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಹಾಗೆ ಪಾಸಾದೆ.

ಸಂಸ್ಥೆಯ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಧಾರವಾಡದ ಕಡೆಯವರು. ನಗುತ್ತಿದ್ದರೋ ಇಲ್ಲವೋ ಗೊತ್ತಾಗದ ಮುಖ. ಸಂದರ್ಶನದಲ್ಲಿ ಕೇಳಿದರು:

"ನಿನಗ ಏನೇನು ಬರತೈತಿ ಶರಣಪ್ಪ?"

"ಬಸ್ಸಿನ ಟೈಮ್ ಬರತಾವ್ರಿ."

"ಯಾವ ಬಸ್ಸು?"

"ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರು. ಯಾವುದು ಎಷ್ಟು ತಡಾ ಆಗತೈತಿ ಅನ್ನೋದೂ ಗೊತ್ತೈತ್ರಿ."

"ನಾಳೆಯಿಂದ ಬಾ," ಅಂದರು.

ಮೊದಲ ವಾರವೇ ನನ್ನನ್ನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ ಕಳಿಸಿದರು. ಒಬ್ಬನ ತಮ್ಮನನ್ನು ಯಾರೋ ಕೊಡಲಿಯಿಂದ ಕಡಿದಿದ್ದರು. ಮನೆಯವರಿಗೆ ಸಮಾಧಾನ ಹೇಳಿ, ಮುಂದೆ ಕೇಸು ಹೇಗೆ ನಡೆಯುತ್ತದೆ ಎಂದು ತಿಳಿಸಬೇಕು. ನಾನು ಮನೆ ಹೊಕ್ಕು ಕಟ್ಟೆಯ ಮೇಲೆ ಕುಳಿತು ಒಂದು ತಾಸು ಮಾತಾಡಿದೆ. ಹೋದ ಜೀವ ಬರುವುದಿಲ್ಲ, ಇರುವವರು ಗಟ್ಟಿಯಾಗಿರಬೇಕು, ಊಟ ಬಿಡಬಾರದು, ಎಲ್ಲ ಹೇಳಿದೆ. ಮನೆಯ ಯಜಮಾನ ಕೈಕಟ್ಟಿ ಕುಳಿತು ಕೇಳಿದ. ಅವನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಹಾ ಕೊಟ್ಟರು. ನಾನು ಎದ್ದಾಗ ಯಜಮಾನ ಹೇಳಿದ:

"ಸತ್ತವ್ರ ಮನಿ ಬಾಜೂಕೈತ್ರಿ ಸಾಹೇಬ್ರ."

"ಮತ್ತ ಮೊದಲ ಹೇಳಬಾರದೇನ್ರಿ?"

"ನೀವು ಭಾಳ ಛಲೋ ಮಾತಾಡಾಕ ಹತ್ತಿದ್ರಿ. ನಡುವ ಬಾಯಿ ಹಾಕಿದ್ರ ಛಲೋ ಕಾಣಂಗಿಲ್ಲ ಅಂತ ಸುಮ್ನಾದೆ."

ಪಕ್ಕದ ಮನೆಗೆ ಹೋದಾಗ ನನ್ನಲ್ಲಿ ಮಾತು ಉಳಿದಿರಲಿಲ್ಲ. ಸುಮ್ಮನೆ ಕುಳಿತೆ. ಆ ಮನೆಯವರು ಮುಂದೆ ಮೂರು ವರ್ಷ ಏನೇ ಇದ್ದರೂ ನನ್ನನ್ನೇ ಕರೆಯುತ್ತಿದ್ದರು. ಇದರಿಂದ ನಾನು ಏನಾದರೂ ಕಲಿಯಬೇಕಿತ್ತು. ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಹೋಗಬೇಕು ಎಂಬುದನ್ನಷ್ಟೇ ಕಲಿತೆ.

ಈಗ ಹುಲಿಗೆವ್ವನ ವಿಷಯ. ನೀವು ಈ ಬರಹದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿರಿ.

ಹುಲಿಗೆವ್ವನ ಊರು ಗಂಗಾವತಿ ತಾಲೂಕಿನಲ್ಲಿ, ಹೇಮಗುಡ್ಡದ ಕಡೆ. ಅವಳ ಗಂಡ ಹನುಮಪ್ಪ. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬು ಇರುತ್ತದಲ್ಲ, ಅದರ ಪಾಳಿಯ ಮೇಲೆ ಹನುಮಪ್ಪನಿಗೂ ಪಕ್ಕದ ಹೊಲದ ಅಣ್ಣತಮ್ಮಂದಿರಿಗೂ ತಕರಾರು ಇತ್ತು. ಅಣ್ಣ ದ್ಯಾಮಣ್ಣ, ತಮ್ಮ ಫಕೀರಪ್ಪ. ಒಂದು ದಿನ ಮುಂಜಾನೆ ತೂಬಿನ ಹತ್ತಿರ ಜಗಳವಾಗಿ ಫಕೀರಪ್ಪ ಹನುಮಪ್ಪನನ್ನು ಹಿಂದಿನಿಂದ ಹಿಡಿದುಕೊಂಡ, ದ್ಯಾಮಣ್ಣ ಸಲಿಕೆಯಿಂದ ಹೊಡೆದ. ಹನುಮಪ್ಪ ಅಲ್ಲೇ ಸತ್ತ. ಬುತ್ತಿ ತರುತ್ತಿದ್ದ ಹುಲಿಗೆವ್ವ ಒಡ್ಡಿನ ಮೇಲೆ ನಿಂತು ನೋಡಿದಳು. ನೋಡಿದವರು ಬೇರೆ ಯಾರೂ ಇರಲಿಲ್ಲ.

ನಾನು ಮೊದಲ ಸಲ ಹೋದಾಗ ಅವಳು ಅಳುತ್ತಿರಲಿಲ್ಲ. ಜೋಳ ಹಸನು ಮಾಡುತ್ತಿದ್ದಳು.

"ಅಣ್ಣಾರ, ಒಂದು ಕೇಳತೀನ್ರಿ. ಇಬ್ರಿಗೂ ಶಿಕ್ಷಾ ಆಗತೈತೇನ್ರಿ?"

"ನೀನು ನೋಡಿದ್ದು ನೋಡಿದಂಗ ಹೇಳಿದ್ರ ಆಗತೈತಿ ತಂಗಿ."

"ಆಗಬೇಕ್ರಿ. ಇಬ್ರಾಗ ಒಬ್ಬ ಹೊರಗ ಉಳಿದ್ರೂ ನಾ ಆ ತೂಬಿಗೆ ಹೋಗಾಕ ಆಗಂಗಿಲ್ಲ. ನೀರಿಲ್ಲದ ಹೊಲಾ ತಗೊಂಡು ಏನು ಮಾಡ್ಲಿ? ಊರು ಬಿಟ್ಟು ತವರಿಗೆ ಹೋಗಬೇಕಾಗತೈತಿ. ತವರಾಗ ನಮ್ಮ ವೈನಿ ಅದಾಳ."

ಅಣ್ಣನ ಹೆಂಡತಿಯಾದ ಆ ವೈನಿಯ ಬಗ್ಗೆ ಹೆಚ್ಚು ಹೇಳಲಿಲ್ಲ. ಹೇಳಿದ್ದೇ ಸಾಕಾಗಿತ್ತು.

ಎರಡು ವರ್ಷಕ್ಕೆ ಸಾಕ್ಷಿಯ ಸಮನ್ಸ್ ಬಂತು. ಹುಲಿಗೆವ್ವ ಸಾಲಿಗೆ ಹೋದವಳಲ್ಲ. ಕೋರ್ಟಿನಲ್ಲಿ ಏನಾದರೂ ಬಿಟ್ಟುಹೋದರೆ ಗತಿ ಏನು ಎಂದು ಅವಳಿಗೂ ಹೆದರಿಕೆ, ನನಗೂ ಹೆದರಿಕೆ. ಅವಳ ಹತ್ತಿರ ಪೊಲೀಸರು ಬರೆದುಕೊಂಡ ಫಿರ್ಯಾದಿಯ ನಕಲು ಇತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದ ಪದ್ಧತಿಯಲ್ಲೇ ಅವಳಿಗೆ ಅದನ್ನು ಹೇಳಿಕೊಡಲು ನಿಂತೆ. ವಾರಕ್ಕೆ ಎರಡು ಸಲ, ನಾಲ್ಕು ವಾರ. ನಾನು ಓದಬೇಕು, ಅವಳು ಹೇಳಬೇಕು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಫಿರ್ಯಾದಿಯ ಭಾಷೆ ಗೊತ್ತಲ್ಲ: "ನಾನು ಒಕ್ಕಲುತನ ಮಾಡಿಕೊಂಡು ಉಪಜೀವಿಸುತ್ತಿದ್ದು, ಸದರಿ ಆರೋಪಿತರು ನಮ್ಮೊಂದಿಗೆ ವೈಷಮ್ಯ ಹೊಂದಿದ್ದು" ಎಂದು ಶುರುವಾಗುತ್ತದೆ. ಹುಲಿಗೆವ್ವ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು. ಬಡಿತಕ್ಕೂ ಮಾತಿಗೂ ತಾಳ ಕೂಡುತ್ತಿತ್ತು. ಒಂದು ಸಲ ಮಾತ್ರ ನಿಲ್ಲಿಸಿದಳು.

"ಅಣ್ಣಾರ, ಇದರಾಗ ಇರೋದು ಹೌದು. ಆದರ ನಾ ನೋಡಿದ್ದು ಹಿಂಗಿರಲಿಲ್ರಿ."

"ಹೌದೋ ಅಲ್ಲೋ?"

"ಹೌದ್ರಿ. ಆದರ ಹಿಂಗಿರಲಿಲ್ಲ."

"ಹೌದು ಅಂದ ಮ್ಯಾಲ ಹಿಂಗ ಹೇಳು. ಬರದದ್ದು ಬ್ಯಾರೆ, ನೀ ಹೇಳೋದು ಬ್ಯಾರೆ ಆದ್ರ ಅವರ ವಕೀಲ ಬಿಡಂಗಿಲ್ಲ."

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಆ ದಿನ ಒಂದೂ ತಪ್ಪಲಿಲ್ಲ. ನನಗೆ ಮಗಳು ಪರೀಕ್ಷೆಯಲ್ಲಿ ಮೊದಲು ಬಂದಷ್ಟು ಸಂತೋಷವಾಯಿತು. ಮೇಡಂ ಅವರಿಗೆ ತಿಳಿಸಲಿಲ್ಲ. ಕೇಸು ಗೆದ್ದ ಮೇಲೆ ತಿಳಿಸೋಣ ಎಂದುಕೊಂಡಿದ್ದೆ.

ಗಂಗಾವತಿಯ ಕೋರ್ಟಿನಲ್ಲಿ ಅವಳ ಹೆಸರು ಕೂಗಿದರು. ಕಟಕಟೆ ಹತ್ತಿದಳು, ಪ್ರಮಾಣ ಮಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸರಕಾರಿ ವಕೀಲರು ಕೇಳಿದ್ದು ಇಷ್ಟೇ: "ನಿನ್ನ ಗಂಡನ ಹೆಸರು ಏನವ್ವಾ?"

ಹುಲಿಗೆವ್ವ ಕಣ್ಣು ಮುಚ್ಚಿಕೊಂಡಳು. "ನಾನು ಒಕ್ಕಲುತನ ಮಾಡಿಕೊಂಡು ಉಪಜೀವಿಸುತ್ತಿದ್ದು, ಸದರಿ ಆರೋಪಿತರು ನಮ್ಮೊಂದಿಗೆ..." ಎಂದು ಹೊರಟಳು. ಸರಕಾರಿ ವಕೀಲರು ಕೈ ಎತ್ತಿದರು. ಕಣ್ಣು ಮುಚ್ಚಿದವಳಿಗೆ ಕಾಣಲಿಲ್ಲ. "ಆರೋಪಿ ನಂಬರ್ ಎರಡು ಫಕೀರಪ್ಪನು ಮೃತನನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದು" ಎನ್ನುವಲ್ಲಿಗೆ ನ್ಯಾಯಾಧೀಶರು ಮೇಜು ತಟ್ಟಿ ನಿಲ್ಲಿಸಿದರು. ನಡುವೆ ನಿಂತಿತಲ್ಲ, ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಎರಡನೇ ಸಲ ಯಾರೂ ತಡೆಯಲಿಲ್ಲ. ಕೊನೆಯವರೆಗೂ ಹೇಳಿದಳು. "ಕಾರಣ ಸದರಿಯವರ ಮೇಲೆ ಕಾನೂನು ರೀತಿ ಕ್ರಮ ಜರುಗಿಸಲು ವಿನಂತಿ" ಎಂದು ಮುಗಿಸಿ ಕಣ್ಣು ತೆರೆದು ನನ್ನ ಕಡೆ ನೋಡಿದಳು.

ನ್ಯಾಯಾಧೀಶರು ಮೈಸೂರು ಕಡೆಯವರು. ಮೆಲ್ಲಗೆ ಕೇಳಿದರು: "ಸದರಿ ಅಂದರೆ ಯಾರಮ್ಮ?"

"ಗೊತ್ತಿಲ್ರಿ ಸಾಹೇಬ್ರ. ಅಣ್ಣಾರಿಗೆ ಗೊತ್ತೈತ್ರಿ."

"ಯಾವ ಅಣ್ಣ?"

ಅವಳು ಬೆರಳು ತೋರಿಸಿದಳು. ಇಡೀ ಕೋರ್ಟು ಹಿಂದಕ್ಕೆ ತಿರುಗಿತು. ನಾನೂ ಹಿಂದಕ್ಕೆ ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಇತ್ತು.

"ನೀವು ಹೊರಗೆ ಹೋಗಿ," ಎಂದರು ನ್ಯಾಯಾಧೀಶರು.

ಉಳಿದದ್ದನ್ನು ನಾನು ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಕೇಳಿದೆ. ಅಣ್ಣತಮ್ಮಂದಿರಿಗೆ ಬೇರೆ ಬೇರೆ ವಕೀಲರು ಇದ್ದರು. ಮೊದಲು ದ್ಯಾಮಣ್ಣನ ವಕೀಲ ಎದ್ದ. ಈ ಹೆಂಗಸು ಏನೂ ನೋಡಿಲ್ಲ ಎಂದು ತೋರಿಸುವ ಹುರುಪು ಅವನಿಗೆ.

"ಯವ್ವಾ, ನೀ ನಿಂತಿದ್ದ ಒಡ್ಡಿಗೂ ತೂಬಿಗೂ ಎಷ್ಟು ದೂರ?"

ಇದು ಬಾಯಿಪಾಠದಲ್ಲಿ ಇರಲಿಲ್ಲ. ಈ ಸಲ ಅವಳದೇ ಧ್ವನಿ ಕೇಳಿತು.

"ನಮ್ಮನಿಯವ್ರು ಕ್ಯಾಕರಿಸಿದ್ರ ಕೇಳೋವಷ್ಟು ದೂರ್ರಿ."

"ದ್ಯಾಮಣ್ಣನ ಯಾವ ಕೈಯಾಗ ಸಲಿಕಿ ಇತ್ತು?"

"ಎರಡೂ ಕೈಯಾಗ್ರಿ. ನೀರು ತಿರುವೋವಾಗ ಹಿಡಿಯೋ ಹಂಗ ಹಿಡಿದಿದ್ದಿಲ್ಲ. ಕಟಗಿ ಒಡಿಯೋ ಹಂಗ ಹಿಡಿದಿದ್ದ. ಮೊದಲನೇ ಏಟು ಭುಜಕ್ಕ ಬಿತ್ತು. ಸಲಿಕಿ ಕಾವು ಕೈಯಾಗ ಜಾರಿತು. ಅಂಗೈಗೆ ಉಗುಳಿಕೊಂಡು ಮತ್ತ ಎತ್ತಿದ."

ವಕೀಲ ಇನ್ನೂ ನಾಲ್ಕು ಪ್ರಶ್ನೆ ಕೇಳಿದ. ಒಂದೊಂದು ಪ್ರಶ್ನೆಗೂ ಅವನ ಕಕ್ಷಿದಾರನಿಗೆ ಒಂದೊಂದು ಬಾಗಿಲು ಮುಚ್ಚಿತು. ನ್ಯಾಯಾಧೀಶರು ಅವಳು ಹೇಳಿದ ಹಾಗೆಯೇ ಬರೆಸುತ್ತಿದ್ದರು. ಕಿಟಕಿಯ ಹೊರಗೆ ನನಗೆ ಜೀವ ಬಂತು.

ಆಮೇಲೆ ಫಕೀರಪ್ಪನ ವಕೀಲರು ಎದ್ದರು. ವಯಸ್ಸಾದವರು. ಒಂದೇ ಪ್ರಶ್ನೆ ಕೇಳಿದರು.

"ಫಕೀರಪ್ಪ ಗಟ್ಟಿಯಾಗಿ ಹಿಡಿದುಕೊಂಡಿದ್ದು ಅಂತ ಹೇಳಿದ್ಯಲ್ಲವ್ವಾ, ಆ ಮಾತು ನಿನಗ ಹೇಳಿಕೊಟ್ಟವ್ರು ಯಾರು?"

ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಸುಳ್ಳು ಹೇಳಬೇಡ ಎಂದು ಅವಳಿಗೆ ಕಲಿಸಿದವನೂ ನಾನೇ.

"ಅಣ್ಣಾರು ಹೇಳಿಕೊಟ್ಟಾರ್ರಿ."

"ನನ್ನ ಪ್ರಶ್ನಿ ಮುಗದ್ವು," ಎಂದು ಅವರು ಕುಳಿತರು.

ಸರಕಾರಿ ವಕೀಲರು ಮರುಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಊಟದ ವೇಳೆಗೆ ನನಗೆ ಹೇಳಿದರು: "ಕೇಳಿದ್ರ ಮತ್ತ ಮೊದಲಿಂದ ಶುರು ಮಾಡತಿದ್ದಳೋ ಮಾರಾಯ. ಅದನ್ನ ಮೂರನೇ ಸಲ ಕೇಳೋ ಧೈರ್ಯ ನನಗಿರಲಿಲ್ಲ."

ಹುಲಿಗೆವ್ವ ಹೊರಗೆ ಬಂದು ಕೇಳಿದಳು: "ತಪ್ಪೇನಾರ ಆತೇನ್ರಿ ಅಣ್ಣಾರ?"

"ನಿಂದೇನೂ ತಪ್ಪಿಲ್ಲ ತಂಗಿ," ಅಂದೆ. ಆ ದಿನ ನಾನು ಹೇಳಿದ ಒಂದೇ ಸರಿಯಾದ ಮಾತು ಅದು.

ಮರುದಿನ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ ಕೇಳಿದರು:

"ಎಸ್ಸೆಸ್ಸೆಲ್ಸಿ ಎಷ್ಟನೇ ಸಲಕ್ಕ ಪಾಸಾದಿ ಶರಣಪ್ಪ?"

"ಮೂರನೇ ಸಲಕ್ರಿ."

"ಆ ಹೆಣ್ಣುಮಗಳಿಗೆ ಎರಡನೇ ಸಲ ಇಲ್ಲ."

ಮತ್ತೇನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೆಲಸ ಬಿಡುತ್ತೇನೆ ಎಂದೆ. "ಬಿಟ್ರ ಆಕಿಗೆ ಏನು ಸಿಗತೈತಿ? ತೀರ್ಪಿನ ದಿನಾ ಜೊತಿಗೆ ಹೋಗೋರು ಯಾರು?" ಎಂದು ಕಳಿಸಿದರು.

ಆ ವಾರವೇ ನಮ್ಮ ಪದ್ಧತಿ ಬದಲಾಯಿತು. ಸಾಕ್ಷಿಯ ಜೊತೆ ಹೋಗುವವರು ಫಿರ್ಯಾದಿಯ ಕಾಗದವನ್ನು ಕೈಯಲ್ಲಿ ಹಿಡಿಯಬಾರದು, ನಡೆದ ಘಟನೆಯ ಬಗ್ಗೆ ಒಂದು ಮಾತೂ ಆಡಬಾರದು. ಹೇಳಿಕೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಸರಕಾರಿ ವಕೀಲರನ್ನೇ ಕೇಳಬೇಕು. ಅದರ ಬದಲು ಒಂದೆರಡು ದಿನ ಮೊದಲು ಅನುಮತಿ ಪಡೆದು ಸಾಕ್ಷಿಗೆ ಖಾಲಿ ಕೋರ್ಟ್ ಹಾಲ್ ತೋರಿಸಬೇಕು. ಇಲ್ಲಿ ನೀನು ನಿಲ್ಲುತ್ತೀ, ಅಲ್ಲಿ ಸಾಹೇಬರು ಕೂರುತ್ತಾರೆ, ಆರೋಪಿ ಅಷ್ಟು ದೂರ ಇರುತ್ತಾನೆ, ಅಷ್ಟೇ. ಈಗ ನಿಮಗೆ ಇದೆಲ್ಲ ತರಬೇತಿಯ ಪುಸ್ತಕದಲ್ಲಿ ಬರುತ್ತದೆ. ನಮ್ಮಲ್ಲಿ ಅದು ಬಂದ ದಾರಿ ಇದು.

ಹೊಸ ಪದ್ಧತಿಯಲ್ಲಿ ನಾನು ಮೊದಲು ಕರೆದುಕೊಂಡು ಹೋದದ್ದು ಕುಕನೂರಿನ ಒಬ್ಬ ಅಜ್ಜನನ್ನು. ಸಂತೆಯಲ್ಲಿ ಯಾರೋ ಅವನ ಕೈ ಮುರಿದಿದ್ದರು. ಖಾಲಿ ಹಾಲಿನಲ್ಲಿ ಕಟಕಟೆ ತೋರಿಸಿದೆ. ಅಜ್ಜ ಹತ್ತಿ ನಿಂತವನು ಇಳಿಯಲಿಲ್ಲ.

"ಇಳೀರಿ ಯಜ್ಜಾ. ನಿಮ್ಮ ಸಾಕ್ಷಿ ನಾಡದು."

"ಇರಲಿ ಬಿಡಪಾ. ಬಂದು ನಿಂತೀನಿ, ಮತ್ತ ಯಾಕ ಇಳೀಲಿ? ನೀ ಹೋಗಿ ಬುತ್ತಿ ತಗೊಂಬಾ."

ಅವನನ್ನು ಇಳಿಸಲು ಅರ್ಧ ತಾಸು ಬೇಕಾಯಿತು. ಆದರೆ ಸಾಕ್ಷಿಯ ದಿನ ಅವನು ಸ್ವಂತ ಮನೆಯಲ್ಲಿ ನಿಂತಂತೆ ನಿಂತು ಹೇಳಿದ. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತ ನನಗೆ ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೇ ನೆನಪಾಗುತ್ತಿತ್ತು. ಅವಳು ನೋಡಿದ್ದು ಹೇಗಿತ್ತು ಎಂದು ನಾನು ಆವತ್ತು ಕೇಳಲಿಲ್ಲ. ಈಗ ನಿಯಮದ ಪ್ರಕಾರ ಕೇಳುವ ಹಾಗೂ ಇರಲಿಲ್ಲ.

ಐದು ತಿಂಗಳಿಗೆ ತೀರ್ಪು ಬಂತು. ದ್ಯಾಮಣ್ಣನಿಗೆ ಜೀವಾವಧಿ. ಫಕೀರಪ್ಪನ ಪಾತ್ರದ ಬಗ್ಗೆ ಇರುವುದು ಹೇಳಿಕೊಟ್ಟ ಮಾತು ಮಾತ್ರ, ಆದ್ದರಿಂದ ಅನುಮಾನದ ಲಾಭ ಕೊಟ್ಟು ಬಿಡುಗಡೆ. ಸರಕಾರಿ ವಕೀಲರು ಹೊರಗೆ ಬಂದು ಹುಲಿಗೆವ್ವನಿಗೆ ತಾವೇ ತಿಳಿಸಿ ಹೇಳಿದರು: "ಧಾರವಾಡ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದವ್ವಾ. ಆದರ ಅಲ್ಲಿ ಓದೋದು ಇಲ್ಲಿ ಬರದದ್ದನ್ನ."

ಅವಳು ತಲೆಯಾಡಿಸಿದಳು. ನನ್ನನ್ನು ಏನೂ ಕೇಳಲಿಲ್ಲ.

ತೀರ್ಪಿನ ದಿನ ಆರೋಪಿ ಕಡೆಯವರು ಹತ್ತಿದ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗಬೇಕು. ಇದು ನಾನೇ ಮಾಡಿಸಿದ ನಿಯಮ. ಆದರೆ ಹುಲಿಗೆವ್ವನ ಊರಿಗೆ ಮಧ್ಯಾಹ್ನದ ಬಸ್ಸು ಬಿಟ್ಟರೆ ಬೇರೆ ಇರಲಿಲ್ಲ. ನಾವು ಹಿಂದಿನ ಬಾಗಿಲ ಹತ್ತಿರ ಕುಳಿತೆವು. ಬಸ್ಸು ಹೊರಡುವಾಗ ಫಕೀರಪ್ಪ ಮುಂದಿನ ಬಾಗಿಲಿನಿಂದ ಹತ್ತಿದ. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತ. ಅವರ ಊರಿನವರೇ ಹತ್ತು ಹನ್ನೆರಡು ಜನ ಇದ್ದರು. ಎಲ್ಲರಿಗೂ ತೀರ್ಪು ಗೊತ್ತಾಗಿತ್ತು. ಮುಂದಿನ ಸೀಟಿನ ರುಮಾಲಿನ ಹಿರಿಯರೊಬ್ಬರು ಹಿಂದೆ ತಿರುಗಿ ಹೇಳಿದರು:

"ಕೋರ್ಟ ಇವನ್ನ ಬಿಟ್ಟ ಮ್ಯಾಲ ಮುಗೀತು ಬಿಡು ಹುಲಿಗೆವ್ವಾ. ಇವ ಏನೂ ಮಾಡಿಲ್ಲ ಅಂತಾತು. ಒಂದ ಊರಾಗ ಇರೋರು."

ಹುಲಿಗೆವ್ವ ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದು ಕೂರಿಸಬೇಕೆಂದು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ನನ್ನ ಕೈ ಈ ಕೇಸಿನಲ್ಲಿ ಏನೇನು ಮಾಡಿದೆ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ.

"ಯಪ್ಪಾ, ಇವ ಏನು ಮಾಡ್ಯಾನ ಅಂತ ನನ್ನ ಯಾರೂ ಕೇಳಲೇ ಇಲ್ಲ. ನೀವು ಕೇಳ್ರಿ," ಅಂದಳು. ಕಣ್ಣು ಮುಚ್ಚಲಿಲ್ಲ. ಅವನನ್ನೇ ನೋಡುತ್ತ ಹೇಳಿದಳು. "ಫಕೀರಪ್ಪಾ, ನೀ ಹಿಂದಿನಿಂದ ಬಂದು ಸ್ವಂಟಕ್ಕ ಕೈ ಹಾಕಿ ಎತ್ತಿದಿ. ಅವ್ರ ಕಾಲು ನೆಲಕ್ಕ ಹತ್ತಿದ್ದಿಲ್ಲ. ಕಾಲಾಗಿನ ಒಂದು ಕೆರ ಬಿಚ್ಚಿ ನೀರಾಗ ಬಿತ್ತು. ನಿಮ್ಮಣ್ಣ ಮೊದಲನೇ ಏಟು ಹಾಕಿದಾಗ ನೀ ಬಿಟ್ಟಿದ್ರ ಅವ್ರು ಓಡತಿದ್ರು. ಭುಜಕ್ಕ ಬಿದ್ದಿತ್ತು ಅಷ್ಟ. ನೀ ಬಿಡಲಿಲ್ಲ. ಮಾರಿ ಅವ್ರ ಬೆನ್ನಿಗೆ ಒತ್ತಿಕೊಂಡಿ. ನಿನಗ ನೋಡಾಕ ಆಗಲಿಲ್ಲ, ಅದಕ್ಕ ಮಾರಿ ಮುಚ್ಚಿಕೊಂಡಿ. ಹೌದಿಲ್ಲೋ? ನೀ ನೋಡಿಲ್ಲ. ನಾ ನೋಡೀನಿ."

ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಬಸ್ಸನ್ನು ನಿಧಾನ ಮಾಡಿದ್ದ. ರುಮಾಲಿನ ಹಿರಿಯರು ಫಕೀರಪ್ಪನ ಕಡೆ ತಿರುಗಿದರು. ಬಸ್ಸಿನವರೆಲ್ಲ ತಿರುಗಿದರು. ಅವನು ಅಲ್ಲ ಎಂದು ಹೇಳಬಹುದಿತ್ತು. ಕೋರ್ಟೇ ಅಲ್ಲ ಎಂದಿತ್ತು. ಅವನು ಕಂಬಿಗೆ ಹಣೆ ಹಚ್ಚಿ ನಿಂತ. ಸ್ವಲ್ಪ ಹೊತ್ತಿಗೆ, "ಇಳಸ್ರಿ," ಅಂದ.

"ನಿಮ್ಮೂರು ಇನ್ನೂ ಎರಡು ಸ್ಟಾಪ್ ಐತಲ್ಲಪಾ," ಅಂದ ಕಂಡಕ್ಟರ್.

"ಇಳಸ್ರಿ."

ಇಳಿಸಿದರು. ಬಸ್ಸು ಹೊರಟಿತು. ಹುಲಿಗೆವ್ವ ಕುಳಿತಳು. ಒಬ್ಬ ಮುದುಕಿ ತನ್ನ ಬಾಟಲಿ ಕೊಟ್ಟಳು, ಅವಳು ನೀರು ಕುಡಿದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಸಾಕ್ಷಿ ಅದು. ಅದು ಯಾವ ಕಾಗದದಲ್ಲೂ ಇಲ್ಲ.

ಅವರ ಊರು ಬಂತು. ನಾನು ಅವಳ ಚೀಲ ಎತ್ತಿಕೊಂಡು ಇಳಿಯಲು ಎದ್ದೆ.

"ನೀವು ಇಳೀಬ್ಯಾಡ್ರಿ ಅಣ್ಣಾರ. ಇದ ಬಸ್ಸು ತಿರುಗಿ ಗಂಗಾವತಿಗೆ ಹೋಗತೈತಿ."

"ಮನಿತನಕ ಬರತೀನಿ ತಂಗಿ."

"ಬ್ಯಾಡ್ರಿ. ನಾ ಹೊಲಕ್ಕ ಹೋಗಿ ಬದು ನೋಡಬೇಕು," ಎಂದು ಚೀಲ ಇಸಿದುಕೊಂಡಳು. "ನಾಳೆ ಮುಂಜಾನೆ ತೂಬಿಗೆ ನಮ್ಮ ಪಾಳಿ ಐತಿ."